ಹೊಲಕ್ಕೆ ಅತಿಥಿಗಳನ್ನು ಕರೆಯುವ ಮುನ್ನ: ಕೊಪ್ಪಳ, ರಾಯಚೂರು, ಬಳ್ಳಾರಿ ರೈತರಿಗೆ ಕೃಷಿ ಪ್ರವಾಸೋದ್ಯಮದ ಮಾರ್ಗದರ್ಶಿ

ಹಂಪಿ, ಆನೆಗೊಂದಿ, ಅಂಜನಾದ್ರಿಗೆ ಬರುವ ಜನಸಂದಣಿಯನ್ನು ಕಂಡ ರೈತರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: "ನಮ್ಮ ಹೊಲದಲ್ಲಿ ನಾಲ್ಕು ಕೋಣೆ ಕಟ್ಟಿಸಿ ಬಾಡಿಗೆಗೆ ಬಿಟ್ಟರೆ ಎಷ್ಟು ಉಳಿಯುತ್ತದೆ?" ಗಂಗಾವತಿ ಕಡೆಯವರು ಕೇಳಲಿ, ಸಂಡೂರಿನವರು ಕೇಳಲಿ, ಲಿಂಗಸುಗೂರಿನವರು ಕೇಳಲಿ, ಪ್ರಶ್ನೆ ಕೋಣೆಯಿಂದಲೇ ಶುರುವಾಗುತ್ತದೆ. ಈ ಲೇಖನದ ಸಲಹೆ ಅದಕ್ಕೆ ತಿರುಗುಮುರುಗು. ಕೋಣೆ ಕಟ್ಟುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲ ವರ್ಷ ಬೆಳಿಗ್ಗೆ ಬಂದು ಸಂಜೆ ಹೋಗುವ ಅತಿಥಿಗಳನ್ನು ಮಾತ್ರ ಕರೆಯಿರಿ, ನಿಮ್ಮ ಹೊಲದಲ್ಲಿ ಹೇಗೂ ನಡೆಯುವ ಕೆಲಸವನ್ನು ತೋರಿಸಿ, ನಿಮ್ಮ ಅಡುಗೆಯನ್ನು ಉಣಬಡಿಸಿ, ನಿಮ್ಮ ಬೆಳೆಯನ್ನು ಅವರಿಗೆ ಮಾರಿ. ಅದರಲ್ಲಿ ಲಾಭ ಕಂಡ ಮೇಲಷ್ಟೇ ಇಟ್ಟಿಗೆ ಸಿಮೆಂಟಿನ ಮಾತು.

ಕೃಷಿ ಪ್ರವಾಸೋದ್ಯಮ ಎಂದರೆ ಬೇಸಾಯ ನಡೆಯುತ್ತಿರುವ ಹೊಲಕ್ಕೆ ಹೊರಗಿನವರನ್ನು ಹಣ ಪಡೆದು ಬರಮಾಡಿಕೊಂಡು, ಅಲ್ಲಿನ ಕೆಲಸ, ಊಟ, ಬದುಕನ್ನು ಅವರ ಅನುಭವಕ್ಕೆ ತರುವುದು. ಬೇಸಾಯ ನಿಂತುಹೋದ ಜಾಗದಲ್ಲಿ ಈಜುಕೊಳ ಮಾಡಿ ಎರಡು ಎತ್ತು ಕಟ್ಟಿದರೆ ಅದು ರೆಸಾರ್ಟ್ ಆಗುತ್ತದೆ, ಕೃಷಿ ಪ್ರವಾಸೋದ್ಯಮ ಆಗುವುದಿಲ್ಲ. ಈ ವ್ಯತ್ಯಾಸ ಕಾನೂನಿಗೂ ಮುಖ್ಯ, ನಿಮ್ಮ ಲೆಕ್ಕಪತ್ರಕ್ಕೂ ಮುಖ್ಯ. ನೆರೆಯ ಮಹಾರಾಷ್ಟ್ರದಲ್ಲಿ ಬಾರಾಮತಿಯ ಸುತ್ತ 2005ರ ಹೊತ್ತಿಗೇ ಇಂಥ ಪ್ರಯತ್ನಗಳು ಆರಂಭವಾಗಿದ್ದವು, ಆ ರಾಜ್ಯ 2020ರಲ್ಲಿ ಇದಕ್ಕೆಂದೇ ಪ್ರತ್ಯೇಕ ನೀತಿಯನ್ನೂ ತಂದಿತು. ಅಲ್ಲಿಯೂ ಊಟ ಮತ್ತು ಹೊಲದ ಸುತ್ತಾಟವೇ ಆಧಾರ, ವಸತಿ ಅದರ ಮೇಲಿನ ಸೇರ್ಪಡೆ.

ಆರಂಭಕ್ಕೆ ಬೇಕಾದದ್ದು ಬಹಳವಿಲ್ಲ. ಬೆಳೆ ಇರುವ ಎರಡು ಮೂರು ಎಕರೆ, ಕುಳಿತುಕೊಳ್ಳಲು ಮರದ ನೆರಳು ಅಥವಾ ಚಪ್ಪರ, ಸ್ವಚ್ಛ ಶೌಚಾಲಯ, ಕುಡಿಯುವ ನೀರು, ಕಾರು ಬಂದು ನಿಲ್ಲುವಷ್ಟು ದಾರಿ, ಹಾಗೂ ಜನರೊಂದಿಗೆ ಬೇಸರವಿಲ್ಲದೆ ಮಾತಾಡುವ ಒಬ್ಬರು ಮನೆಯಲ್ಲಿರಬೇಕು. ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆಯ ಹೆಣ್ಣುಮಕ್ಕಳಿಗೆ ಮನಸ್ಸಿಲ್ಲದಿದ್ದರೆ ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು, ಏಕೆಂದರೆ ದುಡಿಮೆಯ ಮುಕ್ಕಾಲು ಪಾಲು ಅವರ ಮೇಲೆಯೇ ಬೀಳುತ್ತದೆ.

ಹಂತ 1: ನಿಮ್ಮ ಹೊಲಕ್ಕೆ ಯಾರು ಬರುತ್ತಾರೆ ಎಂಬುದನ್ನು ನಿರ್ಧರಿಸಿ

ಹಂಪಿಗೆ ಬರುವವರೆಲ್ಲ ನಿಮ್ಮ ಹೊಲಕ್ಕೆ ಬರುವುದಿಲ್ಲ. ಅಂಜನಾದ್ರಿ, ಹುಲಿಗಿ, ಮಂತ್ರಾಲಯಗಳಿಗೆ ಹೋಗುವ ಭಕ್ತರಿಗೆ ದರ್ಶನ ಮುಗಿಸಿ ಊರು ಸೇರುವ ಆತುರ, ಅವರಿಗೆ ಬೇಕಾದದ್ದು ರಸ್ತೆ ಬದಿಯ ಊಟ. ಹೊರದೇಶದವರು ಮತ್ತು ಬೆಂಗಳೂರು, ಹೈದರಾಬಾದಿನ ಪ್ರವಾಸಿಗರು ಹೆಚ್ಚಾಗಿ ಅಕ್ಟೋಬರ್‌ನಿಂದ ಫೆಬ್ರುವರಿಯೊಳಗೆ ಬರುತ್ತಾರೆ, ಆನೆಗೊಂದಿ, ಸಾಣಾಪುರ, ಕಂಪ್ಲಿಯ ಸುತ್ತಮುತ್ತಲಿನ ಹೊಲಗಳಿಗೆ ಮಾತ್ರ ಅವರು ಸುಲಭವಾಗಿ ಸಿಗುತ್ತಾರೆ.

ಬಹುತೇಕರು ಲೆಕ್ಕಕ್ಕೆ ಹಿಡಿಯದ ಎರಡು ವರ್ಗಗಳಿವೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ವಸತಿ ಬಡಾವಣೆ, ರಾಯಚೂರಿನ ಶಕ್ತಿನಗರ, ಬಳ್ಳಾರಿ, ಸಿಂಧನೂರು, ಹೊಸಪೇಟೆಗಳಲ್ಲಿ ನೌಕರಿಯಲ್ಲಿರುವ ಕುಟುಂಬಗಳು ಭಾನುವಾರ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದೆಂದು ಹುಡುಕುತ್ತಿರುತ್ತವೆ. ಎರಡನೆಯದು ಶಾಲೆಗಳು. ಒಂದು ದಿನದ ಪ್ರವಾಸಕ್ಕೆ ಸುರಕ್ಷಿತ ಜಾಗ, ಶೌಚಾಲಯ ಮತ್ತು ಊಟ ಸಿಕ್ಕರೆ ಅವು ಪ್ರತಿವರ್ಷ ಮರಳಿ ಬರುತ್ತವೆ. ಮಸ್ಕಿ, ಕುಷ್ಟಗಿ, ದೇವದುರ್ಗ, ಸಿರುಗುಪ್ಪದಂಥ ಕಡೆ ಇರುವವರು ಹಂಪಿಯ ಆಸೆಯನ್ನು ಬಿಟ್ಟು ಈ ಎರಡು ವರ್ಗಗಳನ್ನೇ ನೆಚ್ಚಿಕೊಳ್ಳುವುದು ಲೇಸು. ಮಸ್ಕಿಯ ಅಶೋಕನ ಶಾಸನ, ಕುಕನೂರು ತಾಲ್ಲೂಕಿನ ಇಟಗಿಯ ಮಹಾದೇವ ದೇವಾಲಯ, ಕಿನ್ನಾಳದ ಗೊಂಬೆ ಮಾಡುವ ಮನೆಗಳು ಹತ್ತಿರವಿದ್ದರೆ ಅವುಗಳ ಭೇಟಿಯನ್ನು ಬೆಳಗಿನ ಹೊತ್ತಿಗೂ ಹೊಲದ ಊಟವನ್ನು ಮಧ್ಯಾಹ್ನಕ್ಕೂ ಜೋಡಿಸಬಹುದು.

ಹಂತ 2: ಹೊಲದ ಪಂಚಾಂಗ ಬರೆಯಿರಿ

ಒಂದು ಹಾಳೆಯಲ್ಲಿ ಹನ್ನೆರಡು ತಿಂಗಳು ಬರೆದು, ಪ್ರತಿ ತಿಂಗಳ ಎದುರಿಗೆ ಆಗ ನಿಮ್ಮ ಹೊಲದಲ್ಲಿ ಅತಿಥಿ ನೋಡಬಹುದಾದದ್ದು, ಕೈಯಲ್ಲಿ ಮಾಡಬಹುದಾದದ್ದು ಮತ್ತು ತಿನ್ನಬಹುದಾದದ್ದು ಏನು ಎಂದು ಬರೆಯಿರಿ. ಮೂರೂ ಖಾಲಿ ಇರುವ ತಿಂಗಳಲ್ಲಿ ಅತಿಥಿಗಳನ್ನು ಕರೆಯಬೇಡಿ.

ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಲ್ಲಿ ಜುಲೈ–ಆಗಸ್ಟ್‌ನ ನಾಟಿ, ನವೆಂಬರ್–ಡಿಸೆಂಬರ್‌ನ ಕೊಯ್ಲು ನೋಡಲು ಚೆಂದ. ಆದರೆ ಕಾಲುವೆಯ ನೀರನ್ನು ನೆಚ್ಚಿ ತಾರೀಖು ಘೋಷಿಸಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಅಚ್ಚುಕಟ್ಟಿನ ಎಲ್ಲರ ಲೆಕ್ಕಾಚಾರವೂ ಒಂದೇ ರಾತ್ರಿಯಲ್ಲಿ ಬದಲಾಯಿತು. ಮಾನ್ವಿ, ರಾಯಚೂರು ಕಡೆಯ ಟೇಲೆಂಡ್ ರೈತರಿಗಂತೂ, ಅಂದರೆ ಕಾಲುವೆಯ ಕೊನೆಯ ಭಾಗದವರಿಗೆ, ಈ ಅನಿಶ್ಚಿತತೆ ಹೊಸದಲ್ಲ. ನೀರು ಬಿಟ್ಟ ಮೇಲೆ, ಸಸಿ ಮಡಿಯಲ್ಲಿ ಸಸಿ ಕಂಡ ಮೇಲೆ ನಾಟಿಯ ದಿನ ಹೇಳಿದರೆ ಸಾಕು.

ಈ ವಿಷಯದಲ್ಲಿ ಎರೆಭೂಮಿಯ ಒಣಬೇಸಾಯದವರು ನೀರಾವರಿಯವರಿಗಿಂತ ಮುಂದಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಹಿಂಗಾರಿ ಜೋಳದ ಸೀತನಿ ಅವರ ಕೈಯಲ್ಲಿದೆ. ಕಾಳು ಹಾಲುಗಟ್ಟಿ, ಇನ್ನೂ ಬಲಿಯದೆ, ಉಗುರಿನಿಂದ ಒತ್ತಿದರೆ ಮೆತ್ತಗೆ ಹಿಂಡುವಂತಿರುವಾಗ ತೆನೆ ಮುರಿದು, ಹೊಲದಲ್ಲೇ ತೋಡಿದ ಸಣ್ಣ ಕುಣಿಯಲ್ಲಿ ಕುಳ್ಳಿನ ಕೆಂಡ ಮಾಡಿ, ತೆನೆಯನ್ನು ಬೂದಿಯೊಳಗೆ ಹುದುಗಿಸಿ ಸುಟ್ಟು, ಬಿಸಿ ಇರುವಾಗಲೇ ಗೋಣಿಚೀಲದ ಮೇಲೆ ಉಜ್ಜಿ ಕಾಳು ಉದುರಿಸಿ, ಹೊಟ್ಟು ತೂರಿ, ಶೇಂಗಾ ಚಟ್ನಿ, ಬೆಲ್ಲ, ಗಟ್ಟಿ ಮೊಸರಿನ ಜೊತೆ ಕೊಟ್ಟರೆ ಪಟ್ಟಣದವರು ಅದಕ್ಕಾಗಿಯೇ ಬರುತ್ತಾರೆ. ತೊಂದರೆ ಏನೆಂದರೆ ಒಂದು ಬಿತ್ತನೆಯ ಹೊಲ ಸೀತನಿಯ ಹದದಲ್ಲಿ ಇರುವುದು ಕೆಲವೇ ದಿನ. ಆದ್ದರಿಂದ ಅತಿಥಿಗಳಿಗೆಂದು ತೆಗೆದಿಟ್ಟ ಅರ್ಧ ಎಕರೆಯನ್ನು ಒಂದೇ ದಿನ ಬಿತ್ತದೆ, ವಾರದ ಅಂತರದಲ್ಲಿ ಮೂರು ನಾಲ್ಕು ಸಲ ಬಿತ್ತಿರಿ. ಆಗ ಒಂದು ತುಂಡು ಬಲಿಯುವ ಹೊತ್ತಿಗೆ ಮತ್ತೊಂದು ಹದಕ್ಕೆ ಬಂದಿರುತ್ತದೆ. ಹಕ್ಕಿ ಕಾಯುವ ಕೆಲಸವನ್ನು ಮಕ್ಕಳಿಗೆ ಕವಣೆ ತೋರಿಸುವ ನೆಪವಾಗಿಯೂ ಬಳಸಿಕೊಳ್ಳಬಹುದು, ಕಲ್ಲು ಮಾತ್ರ ಕೈಗೆ ಕೊಡಬೇಡಿ.

ಎಳ್ಳಮಾವಾಸ್ಯೆಯ ಚರಗ ಚೆಲ್ಲುವ, ಅಂದರೆ ಹೊಲಕ್ಕೆ ನೈವೇದ್ಯ ಚೆಲ್ಲುವ, ಹಬ್ಬಕ್ಕೆ ಅತಿಥಿಗಳನ್ನು ಕರೆಯುವುದಾದರೆ ಅದು ಮನೆಯ ಹಬ್ಬವಾಗಿ ಉಳಿಯಲಿ. ನಾಲ್ಕೈದು ಜನರಿಗಿಂತ ಹೆಚ್ಚು ಬೇಡ, ಪ್ರದರ್ಶನಕ್ಕೆಂದು ಇನ್ನೊಂದು ದಿನ ಸುಳ್ಳು ಚರಗ ಚೆಲ್ಲುವುದೂ ಬೇಡ. ಸಿರುಗುಪ್ಪ, ಬಳ್ಳಾರಿ ಕಡೆ ಕೆಂಪು ಮೆಣಸಿನಕಾಯಿ ಕಣದಲ್ಲಿ ಒಣಗುವ ದೃಶ್ಯಕ್ಕೆ ಫೋಟೊ ತೆಗೆಯುವವರು ಬರುತ್ತಾರೆ, ಘಾಟಿಗೆ ಮಾಸ್ಕ್ ಇಟ್ಟಿರಿ. ಏಪ್ರಿಲ್–ಮೇ ತಿಂಗಳು ಉಷ್ಣಾಂಶ 40 ಡಿಗ್ರಿ ದಾಟುವ ಕಾಲವಾದ್ದರಿಂದ, ಕೊಪ್ಪಳದ ಮಾವಿನ ತೋಟದವರು ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಹಣ್ಣು ಕೀಳುವ ಭೇಟಿ ಇಟ್ಟುಕೊಳ್ಳಬಹುದು. ಬೇಸಿಗೆಯ ಉಳಿದ ದಿನಗಳಲ್ಲಿ ಬಾಗಿಲು ಮುಚ್ಚಿದರೆ ನಷ್ಟವೇನೂ ಇಲ್ಲ.

ದಾಳಿಂಬೆ ಬೆಳೆಗಾರರಿಗೆ ಒಂದು ಎಚ್ಚರಿಕೆ. ದುಂಡಾಣು ಅಂಗಮಾರಿ ರೋಗ ಎಲೆ ಒದ್ದೆ ಇರುವಾಗ ಗಿಡದಿಂದ ಗಿಡಕ್ಕೆ, ಕತ್ತರಿಯಿಂದ, ಸಸಿಯಿಂದ, ಓಡಾಡುವವರ ಬಟ್ಟೆಯಿಂದ ಹರಡುತ್ತದೆ. ಇನ್ನೊಂದು ತೋಟ ನೋಡಿ ಬಂದವರನ್ನು ನಿಮ್ಮ ಸಾಲುಗಳ ನಡುವೆ ಬಿಡಬೇಡಿ. ಬದುವಿನ ಮೇಲೆ ನಿಲ್ಲಿಸಿ ತೋರಿಸಿ, ಕೊಯ್ದ ಹಣ್ಣನ್ನು ಚಪ್ಪರಕ್ಕೆ ತಂದು ಕೊಡಿ.

ಹಂತ 3: ಕಾಗದಪತ್ರ

ಹಗಲಿನ ಭೇಟಿಗೂ ರಾತ್ರಿ ವಾಸ್ತವ್ಯಕ್ಕೂ ಕಾಗದಪತ್ರದಲ್ಲಿ ಅಜಗಜಾಂತರವಿದೆ. ಹೊಸ ಕಟ್ಟಡವಿಲ್ಲದೆ, ಬೆಳೆ ಇರುವ ಹೊಲದಲ್ಲಿ ಚಪ್ಪರದ ಕೆಳಗೆ ಊಟ ಹಾಕುವವರಿಗೆ ಮೂರು ಕೆಲಸಗಳು ಮುಖ್ಯ. ಗ್ರಾಮ ಪಂಚಾಯಿತಿಗೆ ಲಿಖಿತವಾಗಿ ತಿಳಿಸಿ ವ್ಯಾಪಾರ ಪರವಾನಗಿಯ ಬಗ್ಗೆ ವಿಚಾರಿಸುವುದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದಲ್ಲಿ, ಅಂದರೆ ಎಫ್‌ಎಸ್‌ಎಸ್‌ಎಐನಲ್ಲಿ, ಸಣ್ಣ ವಹಿವಾಟಿನವರಿಗಿರುವ ಮೂಲ ನೋಂದಣಿ ಮಾಡಿಸುವುದು. ಕಿರು ಉದ್ಯಮವಾಗಿ ಉದ್ಯಮ್ ನೋಂದಣಿ ಪಡೆಯುವುದು. ಉದ್ಯಮ್ ನೋಂದಣಿ ಆಧಾರ್ ಮೂಲಕ ಆನ್‌ಲೈನ್‌ನಲ್ಲಿ ಉಚಿತವಾಗಿ ಆಗುತ್ತದೆ, ಅದಕ್ಕೆ ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಯ ಅಗತ್ಯವಿಲ್ಲ.

ಕೋಣೆ ಕಟ್ಟಿ ಬಾಡಿಗೆಗೆ ಬಿಡುವ ಮಾತು ಬಂದೊಡನೆ ಭೂ ಪರಿವರ್ತನೆಯ ಪ್ರಶ್ನೆ ಏಳುತ್ತದೆ. ಆಡುಮಾತಿನಲ್ಲಿ ಎನ್ಎ ಮಾಡಿಸುವುದು ಎನ್ನುತ್ತೇವಲ್ಲ, ಅದು ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಮಿನಡಿ ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಜಿಲ್ಲಾಧಿಕಾರಿಯ ಅನುಮತಿಯಿಂದ ಬದಲಾಯಿಸುವ ಕ್ರಮ. ಬೇಸಾಯಕ್ಕೆಂದು ತೋಟದ ಮನೆ ಕಟ್ಟಿಕೊಳ್ಳಲು ಇದೇ ಕಾಯ್ದೆ ಮಿತಿಯೊಳಗೆ ಅವಕಾಶ ಕೊಡುತ್ತದೆ. ಆದರೆ ತೋಟದ ಮನೆಯೆಂದು ಕಟ್ಟಿದ್ದನ್ನು ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟರೆ ಆ ರಿಯಾಯಿತಿ ನಿಮ್ಮನ್ನು ಕಾಯುವುದಿಲ್ಲ. ಇಡೀ ಸರ್ವೆ ನಂಬರನ್ನು ಪರಿವರ್ತಿಸಬೇಕಿಲ್ಲ. ಕಟ್ಟಡಕ್ಕೆ ಬೇಕಾದಷ್ಟು ಗುಂಟೆಯನ್ನು 11ಇ ನಕ್ಷೆ ಮಾಡಿಸಿ, ಅಂದರೆ ಸರ್ವೆಯವರಿಂದ ಆ ತುಂಡನ್ನು ಅಳತೆ ಮಾಡಿಸಿ ಬೇರೆ ತೋರಿಸಿ, ಅದಕ್ಕೆ ಮಾತ್ರ ಅರ್ಜಿ ಹಾಕಬಹುದು.

ಅರ್ಜಿಗೆ ಮುನ್ನ ಪಹಣಿಯನ್ನು ಕೂತು ಓದಿ. ಹೆಸರು ತೀರಿಹೋದ ತಂದೆಯದೇ ಇದೆಯೇ, ಅಣ್ಣತಮ್ಮಂದಿರ ಜಂಟಿ ಖಾತೆಯೇ, ಪೋಡಿ, ಅಂದರೆ ನಿಮ್ಮ ಪಾಲಿನ ಪ್ರತ್ಯೇಕ ಅಳತೆ, ಆಗಿದೆಯೇ, ಋಣದ ಕಾಲಮಿನಲ್ಲಿ ಸೊಸೈಟಿಯ ಹಳೆಯ ಸಾಲ ನಿಂತಿದೆಯೇ ಎಂದು ನೋಡಿ. ಜಮೀನು ಸರ್ಕಾರದಿಂದ ಮಂಜೂರಾದದ್ದಾದರೆ ಮಂಜೂರಾತಿ ಆದೇಶದ ಷರತ್ತುಗಳನ್ನು ವಕೀಲರಿಗೆ ತೋರಿಸದೆ ಹೆಜ್ಜೆ ಇಡಬೇಡಿ. ಅಚ್ಚುಕಟ್ಟಿನ ಜಮೀನಾದರೆ ನೀರಾವರಿ ಇಲಾಖೆಯ ಅಭಿಪ್ರಾಯವನ್ನೂ ಕೇಳುವುದುಂಟು.

ಹಂಪಿ ಸುತ್ತಲಿನವರು ಇನ್ನೊಂದು ಬಾಗಿಲನ್ನೂ ತಟ್ಟಬೇಕು. ತುಂಗಭದ್ರೆಯ ಎರಡೂ ದಂಡೆಯ ಅನೇಕ ಹಳ್ಳಿಗಳು, ಗಂಗಾವತಿ ಕಡೆಯ ಆನೆಗೊಂದಿ ಭಾಗವೂ ಸೇರಿದಂತೆ, 2002ರ ಕಾಯ್ದೆಯಡಿ ರಚನೆಯಾದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತವೆ. ಅಲ್ಲಿ ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ಕಟ್ಟುವ ಗೋಡೆಗೆ ಭವಿಷ್ಯವಿಲ್ಲ. ತುಂಗಭದ್ರೆಯ ನಡುಗಡ್ಡೆಯಾದ ವಿರೂಪಾಪುರ ಗಡ್ಡಿಯ ರೆಸಾರ್ಟ್‌ಗಳನ್ನು ತೆರವುಗೊಳಿಸುವ ಆದೇಶವನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು, ಮುಂದಿನ ತಿಂಗಳೇ ಜೆಸಿಬಿಗಳು ಬಂದವು. ವರ್ಷಗಟ್ಟಲೆ ನಡೆದ ವ್ಯವಹಾರ, ಪಂಚಾಯಿತಿಯ ರಸೀದಿ, ವಿದ್ಯುತ್ ಬಿಲ್ಲು ಇವು ಯಾವುವೂ ಅಲ್ಲಿ ಕೈಹಿಡಿಯಲಿಲ್ಲ. "ಪಕ್ಕದವರು ಕಟ್ಟಿದ್ದಾರೆ, ನಮಗೇನು" ಎನ್ನುವವರು ಇದನ್ನು ಮರೆಯಬಾರದು.

ವಿದ್ಯುತ್ತಿನ ವಿಷಯದಲ್ಲಿ ಅತಿ ಹೆಚ್ಚು ಜನ ಎಡವುತ್ತಾರೆ. ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ, ಅದು ಪಂಪ್‌ಸೆಟ್‌ಗೆ ಮಾತ್ರ. ಆ ಸಂಪರ್ಕದಿಂದ ವೈರು ಎಳೆದು ಅತಿಥಿಗಳ ಚಪ್ಪರಕ್ಕೆ ಫ್ಯಾನು, ಫ್ರಿಜ್ ಹಾಕಿದರೆ ಅದು ಅನಧಿಕೃತ ಬಳಕೆ, ದಂಡ ಬೀಳುತ್ತದೆ. ಈ ಭಾಗದ ವಿದ್ಯುತ್ ಸರಬರಾಜು ಕಂಪನಿಯಾದ ಜೆಸ್ಕಾಂನಲ್ಲಿ ಪ್ರತ್ಯೇಕ ವಾಣಿಜ್ಯ ಮೀಟರ್ ಪಡೆಯಿರಿ, ಹಗಲಿನ ಭೇಟಿಗೆ ಸಣ್ಣ ಸೌರಫಲಕವಾದರೂ ಸಾಕು.

ಹಂತ 4: ಶೌಚಾಲಯ, ನೀರು, ದಾರಿ

ಕೈಯಲ್ಲಿರುವ ಮೊದಲ ಹಣ ಶೌಚಾಲಯಕ್ಕೆ ಹೋಗಲಿ. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ, ಒಳಗೆ ಚಿಲಕ, ಬಕೆಟ್, ಸೋಪು, ಕೈತೊಳೆಯುವ ನಲ್ಲಿ, ವಯಸ್ಸಾದವರಿಗೆ ಒಂದು ಕಮೋಡ್. ಶೌಚಗುಂಡಿ ಕೊಳವೆಬಾವಿಯಿಂದ ಕನಿಷ್ಠ 15 ಮೀಟರ್ ದೂರವಿರಲಿ.

ಈ ಮೂರು ಜಿಲ್ಲೆಗಳ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ಜಿಲ್ಲಾ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡಿಸಿ ವರದಿಯನ್ನು ಇಟ್ಟುಕೊಳ್ಳಿ, ಕುಡಿಯಲು ಮತ್ತು ಅಡುಗೆಗೆ ಶುದ್ಧೀಕರಣ ಘಟಕದ ನೀರನ್ನೇ ತನ್ನಿ.

ಎರೆಮಣ್ಣಿನವರು ದಾರಿಯ ಬಗ್ಗೆ ಮೊದಲೇ ಯೋಚಿಸಬೇಕು. ಒಂದು ಹದವಾದ ಮಳೆ ಬಿದ್ದರೆ ಸಾಕು, ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡ್ ತುಂಬಿ, ಚಕ್ರ ತಿರುಗುವುದೇ ನಿಲ್ಲುತ್ತದೆ. ಟ್ರ್ಯಾಕ್ಟರ್ ಕಟ್ಟಿ ಕಾರು ಎಳೆಸಿಕೊಂಡ ಅತಿಥಿ ಎರಡನೆಯ ಸಲ ಬರಲಾರ. ಮುಖ್ಯರಸ್ತೆಯಿಂದ ನಿಲುಗಡೆಯವರೆಗೆ ಗರಸು ಹಾಕಿಸಿ, ಅಕ್ಕಪಕ್ಕ ನೀರು ಹರಿಯಲು ಕಾಲುವೆ ತೆಗೆಯಿರಿ. ದಾರಿ ಪಕ್ಕದವರ ಹೊಲದಲ್ಲಿ ಹಾಯುವುದಾದರೆ ಅವರ ಒಪ್ಪಿಗೆ ಬಾಯಿಮಾತಿನಲ್ಲಿ ಉಳಿಯದಿರಲಿ. ಬಂಡಿ ಹೋಗುವುದಕ್ಕೆ ಸುಮ್ಮನಿದ್ದವರು ಕಾರುಗಳು ಸಾಲುಗಟ್ಟಿದಾಗ ಸುಮ್ಮನಿರುವುದಿಲ್ಲ.

ಹಂತ 5: ಸುರಕ್ಷತೆ

ನಿಮ್ಮ ಹೊಲದ ಅಪಾಯಗಳು ನಿಮಗೆ ಅಭ್ಯಾಸವಾಗಿರುತ್ತವೆ, ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಹತ್ತು ವರ್ಷದ ಪಟ್ಟಣದ ಮಗುವೊಂದು ಬಿಟ್ಟ ಕಡೆ ಓಡುತ್ತದೆ ಎಂದುಕೊಂಡು ಹೊಲವನ್ನು ಒಮ್ಮೆ ಸುತ್ತಿ ಬನ್ನಿ.

ಎಲ್ಲಕ್ಕಿಂತ ಮೊದಲು ಕೃಷಿ ಹೊಂಡ. ಪಾಲಿಥಿನ್ ಹಾಳೆ ಹಾಸಿದ ಹೊಂಡದ ಇಳಿಜಾರಿನಲ್ಲಿ ಪಾಚಿ ಕಟ್ಟಿರುತ್ತದೆ. ಜಾರಿ ಬಿದ್ದವರಿಗೆ, ಈಜು ಬಲ್ಲವರಿಗೂ, ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಸುತ್ತ ಎದೆಮಟ್ಟದ ತಂತಿಬಲೆ, ಬೀಗವಿರುವ ಗೇಟು, ನಾಲ್ಕೂ ಮೂಲೆಯಿಂದ ನೀರಿನವರೆಗೆ ಇಳಿಬಿಟ್ಟ ಗಂಟುಹಗ್ಗ, ದಂಡೆಯಲ್ಲಿ ಗಾಳಿ ತುಂಬಿದ ಎರಡು ಟ್ಯೂಬು ಇರಲೇಬೇಕು. ಕಾಲುವೆಯಲ್ಲಿ ಸ್ನಾನ ಮಾಡಲು ಯಾರನ್ನೂ ಬಿಡಬೇಡಿ. ಕೃಷ್ಣೆ, ತುಂಗಭದ್ರೆಗಳಲ್ಲಿ ಮೊಸಳೆಗಳಿವೆ, ಹರಿಗೋಲಿನ ಸವಾರಿಯನ್ನು ನಿಮ್ಮ ಪ್ಯಾಕೇಜಿಗೆ ಸೇರಿಸುವ ಆಸೆಯನ್ನು ಬಿಡಿ.

ಎರಡನೆಯದು ಔಷಧಿ ಸಿಂಪಡಣೆ. ಭತ್ತ, ಹತ್ತಿ, ಮೆಣಸಿನಕಾಯಿಗೆ ನಮ್ಮಲ್ಲಿ ಎಷ್ಟು ಔಷಧಿ ಹೊಡೆಯುತ್ತಾರೆಂದು ಹೇಳಬೇಕಿಲ್ಲ. ಡಬ್ಬಿಯ ಚೀಟಿಯಲ್ಲಿ ಸಿಂಪಡಣೆಗೂ ಕೊಯ್ಲಿಗೂ ನಡುವೆ ಇರಬೇಕಾದ ದಿನಗಳ ಅಂತರ ಬರೆದಿರುತ್ತದೆ. ಆ ಅಂತರ ಮುಗಿಯದ ಗಿಡದಿಂದ ಅತಿಥಿ ಕಾಯಿ ಕಿತ್ತು ಬಾಯಿಗೆ ಹಾಕಿಕೊಂಡರೆ ಹೊಣೆ ನಿಮ್ಮದು. ಅತಿಥಿಗಳಿಗೆಂದು ಬಿಟ್ಟ ತುಂಡಿನಲ್ಲಿ ಔಷಧಿ ಹೊಡೆಯದಿರುವುದೇ ಸುಲಭದ ದಾರಿ. ಪಕ್ಕದ ಹೊಲದವರು ಹೊಡೆಯುವ ದಿನವನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ಗಂಗಾವತಿ, ರಾಯಚೂರು, ಹಗರಿಯ ಕೃಷಿ ವಿಜ್ಞಾನ ಕೇಂದ್ರಗಳು, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ತಜ್ಞರು ಕಡಿಮೆ ಔಷಧಿಯ ಕ್ರಮಗಳ ಬಗ್ಗೆ ಸಲಹೆ ಕೊಡುತ್ತಾರೆ. ಖಾಲಿ ಡಬ್ಬಿ ಬದುವಿನಲ್ಲಿ ಬಿದ್ದಿರಬಾರದು.

ಹಾಯುವ ಚಟವಿರುವ ಎತ್ತು, ಕಚ್ಚುವ ನಾಯಿ ಆ ದಿನ ದೂರವಿರಲಿ. ಬಂಡಿ ಸವಾರಿಗೆ ಆರು ಜನರಿಗಿಂತ ಹೆಚ್ಚು ಹತ್ತಿಸಬೇಡಿ, ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಯಾರನ್ನೂ ಕೂರಿಸಬೇಡಿ. ಬಣವೆಯಲ್ಲಿ, ಕಲ್ಲುಗುಡ್ಡೆಯಲ್ಲಿ ಹಾವು ಚೇಳು ಇರುತ್ತವೆ. ಹಾವಿನ ವಿಷಕ್ಕೆ ಚುಚ್ಚುಮದ್ದು ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ, ಅಲ್ಲಿಗೆ ಎಷ್ಟು ಹೊತ್ತು ಬೇಕು ಎಂಬುದು ಮನೆಯ ಎಲ್ಲರಿಗೂ ಗೊತ್ತಿರಲಿ. ಆನೆಗೊಂದಿ, ದರೋಜಿ, ಸಂಡೂರಿನ ಬೆಟ್ಟದಂಚಿನವರು ಕತ್ತಲಾದ ಮೇಲೆ ಅತಿಥಿಗಳನ್ನು ಹೊರಗೆ ಓಡಾಡಲು ಬಿಡಬಾರದು, ಚಿರತೆ ಮತ್ತು ಕರಡಿಯ ಸಂಚಾರ ಅಲ್ಲಿ ಸಾಮಾನ್ಯ. ಪ್ರಾಣಿಗಳ ಭಯ ಒಂದೇ ಅಲ್ಲ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ರಾತ್ರಿ ಪ್ರವಾಸಿಗರ ಮೇಲೆ ನಡೆದ ದೌರ್ಜನ್ಯದ ನಂತರ ನಿರ್ಜನ ಜಾಗದಲ್ಲಿ ನಕ್ಷತ್ರ ತೋರಿಸುವ ಕಾರ್ಯಕ್ರಮಗಳನ್ನು ಯಾರೂ ಹಗುರವಾಗಿ ಕಾಣುವಂತಿಲ್ಲ.

ಸಾರ್ವಜನಿಕ ಹೊಣೆಗಾರಿಕೆ ವಿಮೆ, ಅಂದರೆ ನಿಮ್ಮ ಜಾಗದಲ್ಲಿ ಅತಿಥಿಗೆ ಅಪಘಾತವಾದರೆ ಪರಿಹಾರ ಭರಿಸುವ ವಿಮೆ, ಮಾಡಿಸಿಟ್ಟುಕೊಳ್ಳಿ. ಶಾಲೆಗಳು ಇದನ್ನು ಕೇಳತೊಡಗಿವೆ.

ಹಂತ 6: ಊಟ

ಇಲ್ಲಿ ಹೊಸದೇನನ್ನೂ ಕಲಿಯಬೇಡಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಅಗಸಿ ಹಿಂಡಿ, ಮೊಸರು, ಒಂದು ಸಿಹಿ, ಸೋನಾಮಸೂರಿ ಅನ್ನ. ಗೋಬಿ ಮಂಚೂರಿ, ಪನೀರ್ ಬೆಣ್ಣೆ ಮಸಾಲೆ ಪಟ್ಟಣದಲ್ಲೇ ಸಿಗುತ್ತದೆ. ಮಕ್ಕಳಿಗೆ ಮತ್ತು ಹೊರಗಿನವರಿಗೆ ಖಾರವನ್ನು ಅರ್ಧಕ್ಕೆ ಇಳಿಸಿ, ನಮ್ಮ ಸಪ್ಪೆಯೇ ಅವರಿಗೆ ಖಾರ. ರೊಟ್ಟಿ ಬಡಿಯುವುದನ್ನು ಎದುರಿಗೇ ಮಾಡಿ, ಬಯಸಿದವರು ಬಡಿಯಲಿ. ಮದ್ಯ ಮಾರುವುದಾಗಲಿ ಒದಗಿಸುವುದಾಗಲಿ ಪರವಾನಗಿಯಿಲ್ಲದೆ ಅಪರಾಧ. "ನಾವೇ ತಂದುಕೊಳ್ಳುತ್ತೇವೆ" ಎನ್ನುವ ಗುಂಪುಗಳಿಗೆ ಬುಕಿಂಗ್ ಹೊತ್ತಿನಲ್ಲೇ ಇಲ್ಲ ಎಂದುಬಿಟ್ಟರೆ ಕುಟುಂಬಗಳು ನಿಶ್ಚಿಂತೆಯಿಂದ ಬರುತ್ತವೆ.

ಹಂತ 7: ದರ ಮತ್ತು ಲೆಕ್ಕ

ಕೆಳಗಿನದು ಲೆಕ್ಕದ ವಿಧಾನ ತೋರಿಸಲು ಕಟ್ಟಿದ ಉದಾಹರಣೆ, ಅಂಕಿಗಳನ್ನು ನಿಮ್ಮ ಊರಿನ ದರಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳಿ. ಒಂದು ಭಾನುವಾರ 15 ಜನ, ತಲೆಗೆ 700 ರೂಪಾಯಿಯಂತೆ 10,500 ರೂಪಾಯಿ ಬಂತು. ಅಡುಗೆ ಸಾಮಾನು ತಲೆಗೆ 150ರಂತೆ 2,250, ಅಡುಗೆಗೆ ಬಂದ ಮೂವರು ಹೆಣ್ಣುಮಕ್ಕಳ ಕೂಲಿ 1,350, ಅತಿಥಿಗಳ ಜೊತೆ ಸುತ್ತುವ ಹುಡುಗನಿಗೆ 600, ಉರುವಲು, ನೀರಿನ ಕ್ಯಾನು, ಸೋಪು ಇತ್ಯಾದಿ 700, ಸವಕಳಿ ಮತ್ತು ದುರಸ್ತಿಗೆ ತೆಗೆದಿಡುವುದು 1,050. ಖರ್ಚು 5,950, ಉಳಿದದ್ದು 4,550. ಗಂಡ ಹೆಂಡತಿ ಇಬ್ಬರ ಆ ದಿನದ ದುಡಿಮೆಗೆ ತಲಾ 500 ಕಳೆದರೆ ನಿಜವಾಗಿ ಉಳಿದದ್ದು 3,550. ಚಳಿಗಾಲದಲ್ಲಿ ಇಂಥ 15 ಭಾನುವಾರ ಸಿಕ್ಕರೆ 53,250 ರೂಪಾಯಿ. ಬೇಸಾಯ ಬಿಟ್ಟು ಇದನ್ನೇ ನೆಚ್ಚುವಷ್ಟು ದೊಡ್ಡ ಮೊತ್ತ ಇದಲ್ಲ. ಹತ್ತು ಲಕ್ಷ ಸಾಲ ಮಾಡಿ ಕೋಣೆ ಕಟ್ಟಿದವರ ಬಡ್ಡಿಯ ಪಕ್ಕದಲ್ಲಿ ಈ ಸಂಖ್ಯೆಯನ್ನು ಇಟ್ಟು ನೋಡಿ.

ಹೆಚ್ಚಿನ ಲಾಭವಿರುವುದು ಅತಿಥಿ ಹೊರಡುವಾಗ ಕೈಯಲ್ಲಿ ಹಿಡಿದುಕೊಂಡು ಹೋಗುವ ಚೀಲದಲ್ಲಿ. ಕಣದಲ್ಲಿ ದಲ್ಲಾಳಿ ಕೇಳುವ ದರಕ್ಕೂ ಪಟ್ಟಣದ ಅಂಗಡಿಯ ದರಕ್ಕೂ ನಡುವಿನ ಅಂತರದಲ್ಲಿ ನಿಮ್ಮ ಬೆಲೆ ನಿಲ್ಲಬೇಕು. ಐದು ಕೆಜಿ ಅಕ್ಕಿ, ಖಾರಪುಡಿ, ಶೇಂಗಾ ಹಿಂಡಿ, ತೊಗರಿಬೇಳೆ, ಬಳ್ಳಾರಿ ಕಡೆಯವರಾದರೆ ಒಣಗಿಸಿದ ಅಂಜೂರ. ತೂಕ, ತಯಾರಿಸಿದ ದಿನ, ನೋಂದಣಿ ಸಂಖ್ಯೆ ಇರುವ ಚೀಟಿ ಅಂಟಿಸಿ. ಅವರ ಫೋನ್ ಸಂಖ್ಯೆಯನ್ನು ಒಪ್ಪಿಗೆ ಕೇಳಿ ಬರೆದಿಟ್ಟುಕೊಂಡರೆ ಮುಂದಿನ ಸುಗ್ಗಿಗೆ ಅವರೇ ಗಿರಾಕಿ.

ಹಂತ 8: ಪ್ರಚಾರ ಮತ್ತು ಬುಕಿಂಗ್

ಗೂಗಲ್ ಮ್ಯಾಪ್‌ನಲ್ಲಿ ಹೊಲದ ಗುರುತನ್ನು ನೀವೇ ಹಾಕಿ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಭಾಗದಲ್ಲಿ ಕ್ಯಾಂಪ್ ಎಂದು ಕೊನೆಗೊಳ್ಳುವ ಊರುಗಳು ಎಷ್ಟೊಂದು ಇವೆಯೆಂದರೆ ಊರ ಹೆಸರು ಹೇಳಿ ಕರೆಸಿದ ಅತಿಥಿ ಬೇರೆ ಕ್ಯಾಂಪಿನಲ್ಲಿ ನಿಂತು ಫೋನ್ ಮಾಡುತ್ತಾನೆ. ವಾಟ್ಸ್ಆ್ಯಪ್‌ನಲ್ಲಿ ಒಂದೇ ಪುಟದ ಮಾಹಿತಿ ಸಾಕು: ಏನು ಕಾಣಬಹುದು, ಏನು ಉಣ್ಣಬಹುದು, ದರ, ಬರುವ ಹೋಗುವ ಹೊತ್ತು, ಏನು ಇಲ್ಲ. ಈಜುಕೊಳವಿಲ್ಲ, ಎಸಿ ಇಲ್ಲ ಎಂದು ಮೊದಲೇ ಬರೆದವರಿಗೆ ದೂರು ಕಡಿಮೆ ಬರುತ್ತದೆ.

ಅರ್ಧ ಹಣ ಮುಂಗಡ ಪಡೆಯಿರಿ, ರದ್ದತಿಯ ನಿಯಮವನ್ನು ಬರೆದು ಕಳಿಸಿ. ಸೇನೆಯ ಅಧಿಕಾರಿಯೆಂದು ಹೇಳಿಕೊಂಡು ದೊಡ್ಡ ಗುಂಪಿಗೆ ಬುಕ್ ಮಾಡುವಂತೆ ನಟಿಸಿ, "ಹಣ ಬರಲು ಈ ಕ್ಯುಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎನ್ನುವ ವಂಚನೆ ಹೋಟೆಲ್, ಹೋಂಸ್ಟೇಗಳವರನ್ನು ಬಹಳ ಕಾಡಿದೆ. ಹಣ ಪಡೆಯಲು ಪಿನ್ ಬೇಕಿಲ್ಲ, ಪಿನ್ ಕೇಳಿದವನು ಕಳ್ಳನೇ.

ಹಂತ 9: ವಾಸ್ತವ್ಯ, ಒಂದು ಹಂಗಾಮು ಮುಗಿದ ಮೇಲೆ

ಒಂದು ಚಳಿಗಾಲ ಹಗಲಿನ ಭೇಟಿ ನಡೆಸಿ, ರಾತ್ರಿ ಉಳಿಯಲು ಕೇಳಿದವರು ಎಷ್ಟು ಎಂದು ಬರೆದಿಟ್ಟಿದ್ದರೆ ಕೋಣೆ ಬೇಕೋ ಬೇಡವೋ ಎಂಬುದು ಆ ಪಟ್ಟಿಯೇ ಹೇಳುತ್ತದೆ. ಬೇಕಾದರೆ ಮೊದಲು ಊರೊಳಗಿನ ನಿಮ್ಮ ಮನೆಯ ಒಂದೆರಡು ಕೋಣೆಗಳನ್ನು ಹೋಂಸ್ಟೇ ಮಾಡಿ. ಮಾಲೀಕರು ಅಲ್ಲೇ ವಾಸವಿದ್ದು ನಡೆಸುವ ಹೋಂಸ್ಟೇಯನ್ನು ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ನೋಂದಾಯಿಸಬೇಕು. ಇದಕ್ಕೆ ಪೊಲೀಸ್ ಮತ್ತು ಪಂಚಾಯಿತಿಯ ನಿರಾಕ್ಷೇಪಣೆ ಬೇಕು. ಪ್ರತಿ ಅತಿಥಿಯ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ವಿದೇಶಿಯರು ಉಳಿದರೆ ಫಾರ್ಮ್ ಸಿ ಎಂದು ಕರೆಯುತ್ತ ಬಂದಿರುವ ಅವರ ವಿವರಗಳನ್ನು ಅವರು ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸುವುದು ಕಡ್ಡಾಯ. ಭತ್ತದ ಗದ್ದೆಯ ನಡುವಿನವರು ಸೊಳ್ಳೆಪರದೆ ಇಲ್ಲದೆ ಯಾರನ್ನೂ ಮಲಗಿಸಬೇಡಿ.

ಹೊಲದಲ್ಲೇ ಕಟ್ಟುವುದಾದರೆ ಎರೆಮಣ್ಣಿನ ಮೇಲೆ ಮೇಲುಮೇಲಿನ ಅಡಿಪಾಯ ಹಾಕಬೇಡಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣು ಗೋಡೆಯನ್ನು ಎರಡೇ ವರ್ಷದಲ್ಲಿ ಸೀಳುತ್ತದೆ. ಗಟ್ಟಿ ಪದರ ಸಿಗುವವರೆಗೆ ಅಗೆದು ಗರಸು ತುಂಬಿಸಿ, ಇಂಜಿನಿಯರ ಸಲಹೆಯಂತೆ ಕಟ್ಟಿಸಿ.

ಹಂತ 10: ತೆರಿಗೆ

ಬೇಸಾಯದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಆದರೆ ಪ್ರವೇಶ ಶುಲ್ಕ, ಊಟ, ಕೋಣೆ ಬಾಡಿಗೆಯಿಂದ ಬಂದದ್ದು ಬೇಸಾಯದ ಆದಾಯವಲ್ಲ, ವ್ಯಾಪಾರದ ಆದಾಯ. ಎರಡನ್ನೂ ಒಂದೇ ಬ್ಯಾಂಕ್ ಖಾತೆಗೆ ಹಾಕಿದರೆ ಮುಂದೆ ಬೇರ್ಪಡಿಸುವುದು ಕಷ್ಟ, ಆದ್ದರಿಂದ ಮೊದಲ ದಿನದಿಂದಲೇ ಪ್ರತ್ಯೇಕ ಖಾತೆ ಮತ್ತು ಪ್ರತ್ಯೇಕ ವಹಿ ಇರಲಿ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಅಷ್ಟು ದೂರ ಹೋಗದವರೂ ರಸೀದಿ ಪುಸ್ತಕ ಇಟ್ಟು ಪ್ರತಿ ಅತಿಥಿಗೂ ರಸೀದಿ ಕೊಡಬೇಕು. ಮುಂದೆ ಬ್ಯಾಂಕಿನಲ್ಲಿ ಸಾಲ ಕೇಳುವಾಗ, ಇಲಾಖೆಯಲ್ಲಿ ಸಹಾಯಧನಕ್ಕೆ ಅರ್ಜಿ ಹಾಕುವಾಗ ವ್ಯವಹಾರ ನಡೆದದ್ದಕ್ಕೆ ಆ ಪುಸ್ತಕದ ಅರೆಪ್ರತಿಗಳೇ ಸಾಕ್ಷಿಯಾಗುತ್ತವೆ.